ಬಲ ಪಕ್ಕೆಯ ಕೆಳಗಿನ ನೋವು

ಅಕ್ಕಾ,

ಲೋಕದ ಡಾಕ್ಟರುಗಳೆಲ್ಲ ನನ್ನನ್ನು ಕೇಳಿಯೇ ಔಷಧಿ ಬರೆಯುತ್ತಾರೆ. ಇವತ್ತು ಒಬ್ಬ ಡಾಕ್ಟರಮ್ಮ ಮಾತ್ರ ಕೇಳಲಿಲ್ಲ. ನಿನಗಿದ್ದ ಹಾಗೆಯೇ ನನಗೂ ಬಲ ಪಕ್ಕೆಯ ಕೆಳಗೆ ನೋವು.

"ಗ್ಯಾಸು ಬಿಡಿ ತಾಯಿ. ಲಾರಿ ಇಂಜಿನ್ನಿನ ರೋಗಾನೇ ಸದ್ದಲ್ಲಿ ಹಿಡಿಯೋ ಮೆಕ್ಯಾನಿಕ್ಕು ನಾನು" ಎಂದೆ.

"ಹೊಟ್ಟೆ ಇಂಜಿನ್ನಲ್ಲ ಯಜಮಾನ್ರೇ. ಪಿತ್ತಕೋಶದಲ್ಲಿ ಕಲ್ಲಿರಬಹುದು, ಲಿವರ್ ಊದಿರಬಹುದು. ಸ್ಕ್ಯಾನ್ ಮಾಡದೆ ಹೇಳಕ್ಕಾಗಲ್ಲ" ಎಂದರು.

ಸ್ಕ್ಯಾನ್ ಮಾಡಿಸಿದೆ. ನನ್ನದು ಕಲ್ಲಂತೆ, ತೆಗೆದರೆ ವಾಸಿಯಂತೆ.

ಅವತ್ತು ಇಂಜಿನ್ನಿನ ಸದ್ದು ಕೇಳುವ ಹಾಗೆಯೇ ನಿನ್ನ ಪಕ್ಕೆಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಗೊಟ್ಟು, ಗ್ಯಾಸೆಂದು ನಗಿಸಿದ್ದೆ. ಕಣ್ಣು ಹಳದಿಯಾದ ಮೇಲೆ ನೀನು ಸ್ಕ್ಯಾನಿಗೆಂದು ಕೊಟ್ಟ ದುಡ್ಡಿನಲ್ಲಿ ಇನ್ನೂರು ಎಲ್ಲೋ ಬಿದ್ದುಹೋಯಿತು, ಮುಂದಿನ ವಾರ ಹೋಗೋಣ ಎಂದೆ. ಆ ವಾರಕ್ಕೆ ನೀನೇ ಉಳಿಯಲಿಲ್ಲ.

ಬಿದ್ದದ್ದಲ್ಲ ಅಕ್ಕಾ, ಇಸ್ಪೀಟಿನಲ್ಲಿ ಸೋತದ್ದು. ಇನ್ನೂರೂ ಅಲ್ಲ, ನೀನು ಕೊಟ್ಟ ಅಷ್ಟೂ ನಾಲ್ಕು ಸಾವಿರ.