ಕೆನೆ ಹರಿಯದ ಹಾಗೆ

ಉಸಿರಾಟ ಕಲಿಸುವ ಮೇಡಂ ಆಗಿರುವ ನನ್ನ ತಂಗಿಗೆ,

ನಿನ್ನೆ ನಿನ್ನ ಕ್ಲಾಸಿಗೆ ಅಮ್ಮನನ್ನು ಕರೆದುಕೊಂಡು ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಹಿಂದೆ, ಕಂಬದ ಮರೆಯಲ್ಲಿ ಕೂತಿದ್ವಿ.

ಎಲ್ಲರೂ ಕಣ್ಣು ಮುಚ್ಚಿದ ಮೇಲೆ ನೀನು, "ಬಿಸಿ ಹಾಲು ಆರಿಸೋ ಹಾಗೆ ಮೆಲ್ಲಗೆ ಉಸಿರು ಬಿಡಿ, ಕೆನೆ ಹರೀಬಾರದು" ಅಂದೆ. ಅಮ್ಮ ಖುಷಿಯಿಂದ ನನ್ನ ಕೈ ಹಿಚುಕಿದಳು. ಚಿಕ್ಕಂದಿನಲ್ಲಿ ನಿನಗೆ ಉಬ್ಬಸ ಬಂದಾಗೆಲ್ಲ ಇಸ್ತ್ರಿ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದು, ನಿನ್ನನ್ನು ಎದೆಗೊರಗಿಸಿಕೊಂಡು ಅವಳು ಹೇಳುತ್ತಿದ್ದ ಮಾತು ಅದು. ಒಂದಕ್ಷರ ಆಚೀಚೆ ಇಲ್ಲ.

ಕೊನೆಗೆ ಯಾರೋ, "ಇದನ್ನ ಎಲ್ಲಿ ಕಲಿತಿರಿ?" ಅಂತ ಕೇಳಿದರು. ನೀನು ಕಣ್ಣು ಒದ್ದೆ ಮಾಡಿಕೊಂಡು, "ನನ್ನ ಗುರುಗಳು ಕೊಟ್ಟಿದ್ದು. ದೂರದ ಬೆಟ್ಟದ ಮೇಲಿದ್ದರು. ಈಗಿಲ್ಲ" ಅಂದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು: "ಅವಳ ಗುರುಗಳೂ ಹಾಗೇ ಹೇಳ್ತಿದ್ರಂತೆ ನೋಡೇ. ಪಾಪ, ತೀರ್ಕೊಂಡ್ರಂತೆ."

ಮುಂದಿನ ವಾರವೂ ಬರುತ್ತಾಳಂತೆ. ನೆಲದ ಮೇಲೆ ಕೂತರೆ ಅವಳಿಗೆ ಮಂಡಿ ಹಿಡಿಯುತ್ತದೆ. ಒಂದು ಕುರ್ಚಿ ಹಾಕಿಸು. ಹಿಂದೆ ಅಲ್ಲ, ನಿನ್ನ ಕಣ್ಣೆದುರಿಗೇ ಹಾಕಿಸು.

ಇಂತಿ,
ನಿನ್ನ ಅಕ್ಕ