ಎರಡನೆಯ ನಂಬರು

ಸಾಲಿಗ್ರಾಮ

ಮಧುಸೂದನರಿಗೆ,

ನಾನು ಜಗಳವಾಡಿ ತವರಿಗೆ ಬಂದ ಮೇಲೂ ನಿಮ್ಮ ಆಫೀಸಿನ ಕ್ಲೌಡ್ ಸರ್ವರ್ ಡೌನ್ ಆದರೆ ಎಚ್ಚರಿಸುವ ಅಲರ್ಟ್ ಕಾಲ್ ನನಗೂ ಬರುತ್ತಿದೆ. ಮದುವೆಯಾದ ಹೊಸತರಲ್ಲಿ ನನ್ನ ನಂಬರನ್ನು ಎರಡನೆಯದಾಗಿ ಹಾಕಿ, "ನಾ ಎತ್ತದಿದ್ರೆ ನಿಂಗ್ ಬತ್ತ್, ಆಗ ನನ್ನ ಎಬ್ಸ್" ಅಂದಿದ್ದಿರಿ. ಜಗಳವಾದ ಮೇಲೆ ಆ ನಂಬರು ತೆಗೆಯುತ್ತೀರಿ ಅಂದುಕೊಂಡಿದ್ದೆ. ತೆಗೆದಿಲ್ಲ.

ನಿನ್ನೆ ಮಧ್ಯಾಹ್ನವೂ ಬಂತು. ನಿಮಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಎಲ್ಲ ಸರಿಯಾಯಿತೆಂದು ಮೆಸೇಜು ಬಂತು. ಖುಷಿಯಾಗಬೇಕಿತ್ತು.

ಭಾನುವಾರ ಕ್ಲೌಡ್ ಕಂಪನಿಯವರದೇ ರಿಪೇರಿಯಿದೆಯಂತೆ, ನನಗೂ ಮೊದಲೇ ಮೆಸೇಜು ಬಂದಿದೆ. ಆ ಅಲರ್ಟಿಗೆ ಗಾಬರಿಯಾಗಿ ಊಟ ಬಿಟ್ಟು ಏಳಬೇಡಿ.

ನನ್ನ ನಂಬರು ಹಾಗೇ ಇರಲಿ. ಮುಂದಿನ ಸಲ ಅಲರ್ಟ್ ಬಂದಾಗ, ಎಚ್ಚರವಿದ್ದರೂ ನೀವು ಎತ್ತಬೇಡಿ. ನಾನು ಎಬ್ಬಿಸುತ್ತೇನೆ.

ನಿಮ್ಮ
ಕ್ಷಮಾ