ಊದಿದ್ದೋ, ಉಗುಳಿದ್ದೋ

ಸೋಮವಾರ, ಬೆಳಿಗ್ಗೆ

ಪ್ರಾರ್ಥನೆ ಮುಗಿಸಿ ಫೋನ್ ನೋಡಿದೆ. ಪ್ರಾರ್ಥನೆ ಗ್ರೂಪಿನಲ್ಲಿ ಒಂದು ವಿಡಿಯೋ. ನಮ್ಮ ಬೀದಿಯ ಹಾಲಿನವನು ಅಳತೆ ಲೋಟಕ್ಕೆ ಉಗುಳುತ್ತಿದ್ದಾನಂತೆ. ಕೆಳಗೆ ಬರಹ: ‘ಅವರ ಹಾಲು ಬೇಡ. ಧರ್ಮ ಉಳಿಸಿ, ದೇಶ ಉಳಿಸಿ.’ ಅವನು ನಮ್ಮ ಧರ್ಮದವನಲ್ಲ, ನಿಜ. ಆದರೂ ಅದೇ ಹಾಲನ್ನು ಇಷ್ಟು ವರ್ಷ ದೇವರ ಮುಂದಿಟ್ಟವಳು ನಾನು.

ಹಾಕಿದ್ದು ಮಹಡಿ ಮೇಲಿರುವ ಮೈದುನ. “ಎಲ್ಲಿಂದ ಬಂತಪ್ಪಾ?” ಅಂದೆ. “ಯಾರೋ ಕಳಿಸಿದ್ರು ಅತ್ತಿಗೆ, ಫಾರ್ವರ್ಡು.”

ಸಂಜೆ

ಮತ್ತೆ ನೋಡಿದೆ. ಬರಹದ ಮೇಲೆ ಬೆರಳಿಟ್ಟು, ಬರೀ ಬಾಯಿ ನೋಡಿದೆ. ಕೆನ್ನೆ ಉಬ್ಬಿದೆ... ಉಗುಳುವವನ ಕೆನ್ನೆ ಉಬ್ಬುತ್ತದೆಯೇ? ಕನ್ನಡಿ ಮುಂದೆ ಉಗುಳುವುದು, ಊದುವುದು ಎರಡನ್ನೂ ಮಾಡಿ ನೋಡಿದೆ. ಇವರು ಬಾಗಿಲಲ್ಲಿ ನಿಂತು, “ಕನ್ನಡಿಗೆ ಯಾಕೇ ಉಗೀತಿದೀಯಾ? ಅಷ್ಟೇನು ಕೆಟ್ಟದಾಗಿಲ್ಲ ನಿನ್ನ ಮುಖ” ಅಂದರು.

ಮಂಗಳವಾರ

ನಾಲ್ಕು ಮನೆಯವರು ಹಾಲಿನವನ ಹತ್ತಿರ ಹಾಲು ಕೊಳ್ಳುವುದು ಬಿಟ್ಟಿದ್ದಾರೆ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಸಭೆ— ಅವನನ್ನು ಬೀದಿಗೇ ಬಿಡಬಾರದೆಂದು ತೀರ್ಮಾನಿಸಲು. ಅವನನ್ನೇ ತಡೆದು ಕೇಳಿದೆ. “ಲೋಟದ ಹತ್ರ ಬಾಯಿ ಯಾಕಪ್ಪಾ ತರ್ತೀಯಾ?”

ಮಿಕಿಮಿಕಿ ನೋಡಿದ. “ನೊರೆಗೂ ದುಡ್ಡು ತಗೋತೀಯೇನೋ ಅಂತ ಬೈದಿದ್ದು ನೀವೇ ಅಲ್ವಾ ಅಕ್ಕಾ? ಅವತ್ತಿಂದ ನೊರೆ ಊದಿ ಅಳೀತೀನಿ.”

ಹೌದು. ನಾನೇ.

ಗುರುವಾರ

ವಿಡಿಯೋದ ಮೂಲೆಯಲ್ಲಿ ಹಸಿರು ಅಂಚು, ಗಾಳಿಗೆ ಅಲ್ಲಾಡುತ್ತದೆ. ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಹೊಳೆಯಿತು— ನನ್ನ ಟವೆಲ್! ಫೋನ್ ಎತ್ತಿ ಹಿಡಿದೆ. ಅದೇ ಬೀದಿ, ಅದೇ ಗೇಟು.

“ತೆಗೆದಿದ್ದು ನೀನೇನಾ?”

ಮೈದುನ ತಲೆ ತಗ್ಗಿಸಿದ. “ಉಗುಳಿದ ಹಾಗೇ ಕಾಣಿಸ್ತು ಅತ್ತಿಗೆ.”

“ಕಾಣಿಸ್ತೋ, ಕಾಣಿಸ್ಲಿ ಅಂತ ಇತ್ತೋ?”

ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಭಾನುವಾರ, ಸಭೆಗೆ ಮುಂಚೆ

ಇವರದು ಒಂದೇ ರಾಗ: “ಮನೆ ಮಾನ ಬೀದಿಗೆ ತರ್ಬೇಡ.” ನಾನಂದೆ, “ಬೀದೀಲಿ ಅವನ ಮಾನ ಹೋಗ್ತಿದೆಯಲ್ಲ, ಅದು ಯಾರ ಮನೇದು?”

ಹಾಲಿನವನ ಅಳತೆ ಲೋಟ ಕೇಳಿ ತಂದಿದ್ದೇನೆ. ದೇವರ ಎದುರೇ ಹಾಲು ಹೊಯ್ದು, ಊದಿ ತೋರಿಸುತ್ತೇನೆ. ಅಷ್ಟು ಸುಲಭ. ಆದರೆ ವಿಡಿಯೋ ತೆಗೆದವರು ಯಾರು ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳಲಾರೆ.

ಮೆಟ್ಟಿಲ ಮೇಲೆ ಸದ್ದು. ಮೈದುನ ಇಳಿದು ಬಂದ. ಕೈಯಲ್ಲಿ ನನ್ನ ಹಸಿರು ಟವೆಲ್, ನೀಟಾಗಿ ಮಡಚಿದ್ದು. “ಅತ್ತಿಗೆ, ಆ ಲೋಟ ಇಲ್ಲಿ ಕೊಡಿ” ಅಂದ.

ಯಾಕೆ, ಅಂತ ಕೇಳಿದೆ. “ವಿಡಿಯೋ ತೆಗೆದವನು ನಾನು ಅತ್ತಿಗೆ, ಸಭೇಲಿ ಊದಿ ತೋರ್ಸೋನೂ ನಾನೇ” ಅಂದ.